ಮಂಡಿಪೇಟೆಯ ಮಂಡಿಯೊಳಗೆ ಆರು ಮನೆ

ಮೊದಲ ದಿನ ಮೇಸ್ತ್ರಿ ಅಜ್ಜ ಗೋಡೆಗೆ ಸುತ್ತಿಗೆ ಹೊಡೆಯಲಿಲ್ಲ. ಅಂಗೈ ಇಟ್ಟರು. ಮುಂಬಾಗಿಲಿಂದ ಹಿತ್ತಲವರೆಗೆ ಮೂರು ಹೆಜ್ಜೆಗೊಮ್ಮೆ ನಿಂತು, ಅಂಗೈ ಒತ್ತಿ, ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡಿದರು. ಆಮೇಲೆ ನನ್ನ ಪೆನ್ಸಿಲ್ ಇಸ್ಕೊಂಡು, ತೇವ ಎಲ್ಲಿವರೆಗೆ ಏರಿದೆಯೋ ಅಲ್ಲೊಂದು ಇಲ್ಲೊಂದು ಗೆರೆ ಎಳೆದರು. "ತಾರೀಕು ಬರಿಯವ್ವಾ" ಅಂದರು. ಬರೆದೆ. ಗೆರೆ ನನ್ನ ಎದೆಮಟ್ಟಕ್ಕಿತ್ತು.

"ಗೋಡಿ ಗಟ್ಟಿ ಐತಿ. ನೀರು ಕುಡ್ದು ಕುಡ್ದು ಸಾಕಾಗೇತಿ ಅದಕ್ಕ. ಮೊದ್ಲು ನೀರು ಬಿಡಸ್ರಿ. ಉಳಿದಿದ್ದು ಆಮೇಲೆ."

ಎರಡು ವರ್ಷ ನಾವು ಮಾಡಿದ್ದು ಹೆಚ್ಚುಕಡಿಮೆ ಅಷ್ಟೇ. ನನ್ನ ಸ್ವಂತ ಅಜ್ಜನ ಹತ್ತಿ ಮಂಡಿಯನ್ನು, ಅಂದರೆ ಹತ್ತಿ ವ್ಯಾಪಾರದ ಕಟ್ಟಡವನ್ನು, ಆರು ಮನೆ ಮಾಡಿದೆವು. ಹೊರಗಿನಿಂದ ನೋಡಿದವರು ಕಂಬ, ತೊಲೆ, ಬಣ್ಣ ನೋಡುತ್ತಾರೆ. ನನಗೆ ನೆನಪಾಗುವುದು ನೀರು. ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಕಳಿಸಿದೆವು, ಯಾವ ಗೋಡೆಗೆ ತಾಗದ ಹಾಗೆ ನೋಡಿಕೊಂಡೆವು. ಹಳೆ ಪೇಟೆಯಲ್ಲಿ ಇಂಥ ಕಟ್ಟಡ ಇಟ್ಟುಕೊಂಡು ಏನು ಮಾಡುವುದು ಅಂತ ಯೋಚಿಸುವವರು ನಮ್ಮೂರಲ್ಲಿ ತುಂಬಾ ಜನ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆಯ ಮಂಡಿಪೇಟೆ. 36 ಅಡಿ ಅಗಲ, 100 ಅಡಿ ಉದ್ದ. ಎರಡೂ ಪಕ್ಕ ಬೇರೆಯವರ ಮಂಡಿ, ಗೋಡೆಗೆ ಗೋಡೆ ತಾಗಿದೆ. ಬಾಗಿಲ ಮೇಲಿನ ಗಾರೆ ಕೆಲಸದಲ್ಲಿ 1934 ಅಂತ ಇದೆ. ಮುಂದೆ ಕಟ್ಟೆ, ಕಟ್ಟೆ ಹತ್ತಿದರೆ ಗಾದಿ ಹಾಕಿದ ಪಡಸಾಲೆ, ಅಲ್ಲಿ ಅಜ್ಜನ ದಲಾಲಿ ವ್ಯಾಪಾರ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಅದರ ಹಿಂದೆ ಗೋದಾಮು. ಮಹಡಿ ಮೇಲೆ ನಾವು. ಆಗ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಮಿಲ್ಲಿನ ಸೈರನ್ ಕೇಳಿ ಅವ್ವ ಒಲೆ ಹಚ್ಚುತ್ತಿದ್ದಳು. 1966ರ ಎಪಿಎಂಸಿ ಕಾಯ್ದೆ ಬಂದ ಮೇಲೆ ವ್ಯಾಪಾರ ನಿಧಾನಕ್ಕೆ ಪೇಟೆ ಬಿಟ್ಟು ಯಾರ್ಡಿಗೆ ಹೋಯಿತು. ಭದ್ರಾ ನಾಲೆ ನೀರು ಹರಿದು ಸುತ್ತಲ ಹೊಲಗಳು ಭತ್ತದ ಗದ್ದೆಗಳಾದವು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮ ಮಂಡಿ ಮೊದಲು ಬಾಡಿಗೆಗೆ ಗೊಬ್ಬರದ ಗೋದಾಮಾಯಿತು. ಆಮೇಲೆ ಪ್ಲಾಸ್ಟಿಕ್ ಕೊಡ, ಕುರ್ಚಿ ತುಂಬುವ ಜಾಗವಾಯಿತು. ಕೊನೆಗೆ ಬೀಗ.

ಅಜ್ಜ ಉಯಿಲು ಬರೆಯದೆ 1971ರಲ್ಲಿ ತೀರಿಕೊಂಡರು. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಅಜ್ಜ ಸ್ವಂತ ದುಡಿದು ಕಟ್ಟಿಸಿದ್ದು, ಹಾಗಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಐವರಿಗೂ ಸಮಪಾಲು. ಆದರೆ ಐವತ್ತು ವರ್ಷ ಯಾರೂ ಪಾಲಿನ ಮಾತು ಎತ್ತಲಿಲ್ಲ. ಖಾತೆ ಅಜ್ಜನ ಹೆಸರಲ್ಲೇ ಉಳಿಯಿತು. 2021ರಲ್ಲಿ ಮಹಡಿಯ ಒಂದು ಮೂಲೆ ಕುಸಿದಾಗ ಎಲ್ಲರೂ ಸೇರಿದೆವು.

ನಮ್ಮ ಪೇಟೆಯಲ್ಲಿ ಪಾಲು ಅಂದರೆ ಉದ್ದಕ್ಕೆ ಗೋಡೆ ಎಬ್ಬಿಸುವುದು. 36 ಅಡಿಯನ್ನು ಐದು ಭಾಗ ಮಾಡಿದರೆ ಒಬ್ಬೊಬ್ಬರಿಗೆ ಏಳಡಿ ಚಿಲ್ಲರೆ. ಏಳಡಿ ಅಗಲದ ನೂರಡಿ ಓಣಿ. ಹಾಗೆ ಸೀಳಿದ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಒಳಗೆ ಹಗಲಲ್ಲೂ ಲೈಟ್ ಉರಿಯಬೇಕು. ಇನ್ನೊಂದು ದಾರಿ ಅಂದರೆ ಕೆಡವಿ ಕಾಂಪ್ಲೆಕ್ಸ್ ಕಟ್ಟುವುದು. ಒಬ್ಬರು ಬಿಲ್ಡರ್ ಬಂದು ನೋಡಿಕೊಂಡೂ ಹೋದರು. ಚಿಕ್ಕಪ್ಪನಿಗೆ ಅದೇ ಸರಿ ಅನಿಸಿತ್ತು. "ಹಳೇ ಮನೆ ಹಿಡ್ಕೊಂಡು ಕೂತ್ರೆ ಏನ್ ಬರುತ್ತೆ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವರಿಗೆ ಎಪ್ಪತ್ತೆರಡು ವರ್ಷ, ದುಡ್ಡಿನ ಅಗತ್ಯವೂ ಇತ್ತು.

ಮಾತು ತಿರುಗಿದ್ದು ಹಿರಿಯ ಅತ್ತೆಯಿಂದ. ರಾಣೆಬೆನ್ನೂರಿಂದ ಬಂದಿದ್ದರು. "ನನಗೆ ದುಡ್ಡು ಬ್ಯಾಡ. ದುಗ್ಗಮ್ಮನ ಜಾತ್ರಿಗೆ ಬಂದ್ರ ಇಳ್ಕಳಾಕ ತವರಾಗ ಒಂದು ಬಾಗಲ ಬೇಕು. ಇಷ್ಟ" ಅಂದರು. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಅಷ್ಟಕ್ಕೇ ಅವರಿಗೆ ಬಾಗಿಲು ಬೇಕಿತ್ತು. ಆ ಮಾತಿನ ಮೇಲೆ ನಾನು ಹಿಡಿದುಕೊಂಡೆ. ಒಬ್ಬೊಬ್ಬರಿಗೆ ಒಂದೊಂದು ಓಣಿ ಬೇಡ, ಒಂದೊಂದು ಮನೆ ಮಾಡೋಣ ಅಂದೆ. ಐವರಿಗೆ ಐದು. ಆರನೆಯದು ಮತ್ತು ಮುಂದಿನ ಅಂಗಡಿ ಎಲ್ಲರದ್ದು. ಅದರ ಬಾಡಿಗೆ ಕಟ್ಟಡದ ರಿಪೇರಿಗೆ. ಚಿಕ್ಕಪ್ಪ ತಮ್ಮ ಪಾಲಿನ ಮನೆ ಬಾಡಿಗೆಗೆ ಕೊಟ್ಟರೆ ತಿಂಗಳು ತಿಂಗಳು ಕೈಗೆ ಹಣ ಬರುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದೆ. ಒಪ್ಪಿಕೊಳ್ಳಲು ನಾಲ್ಕು ತಿಂಗಳು ತಗೊಂಡರು.

ಇದಕ್ಕೆ ಕಾನೂನಿನಲ್ಲಿ ದಾರಿ ಇದೆ ಅಂತ ನನಗೂ ಗೊತ್ತಿರಲಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಬರೀ ಹೊಸ ಕಟ್ಟಡಕ್ಕೆ, ಬೆಂಗಳೂರಿನ ದೊಡ್ಡ ದೊಡ್ಡ ಬಿಲ್ಡಿಂಗುಗಳಿಗೆ ಅಂತ ತಿಳಿದಿದ್ದೆ. ಹಾಗೇನಿಲ್ಲ. ಎಲ್ಲಾ ಮಾಲೀಕರು ಸೇರಿ ಒಂದು ಘೋಷಣಾ ಪತ್ರ ಬರೆದು ನೋಂದಣಿ ಮಾಡಿಸಬೇಕು. ಕಟ್ಟಡ ಮುಖ್ಯವಾಗಿ ವಾಸಕ್ಕೆ ಇರಬೇಕು. ಆಗ ಒಂದೊಂದು ಮನೆಯೂ ಬೇರೆ ಬೇರೆ ಆಸ್ತಿ. ಮಾರಬಹುದು, ಮಕ್ಕಳಿಗೆ ಬರೆಯಬಹುದು. ನೆಲ, ಹೊರಗೋಡೆ, ಮಾಳಿಗೆ, ಮೆಟ್ಟಿಲು, ತೊಟ್ಟಿ ಮಾತ್ರ ಎಲ್ಲರಿಗೂ ಸೇರಿದ್ದು, ಅದರಲ್ಲಿ ಒಬ್ಬೊಬ್ಬರಿಗೆ ಅವಿಭಾಜ್ಯ ಪಾಲು. ಯಾರೂ ಅದನ್ನು ಸೀಳುವ ಹಾಗಿಲ್ಲ. ನನಗೆ ತುಂಬಾ ಸಮಾಧಾನ ಕೊಟ್ಟಿದ್ದು ಈ ಮಾತೇ. ಮನೆ ಕಟ್ಟಿ ಮಾರುವವರಿಗಿರುವ ರೇರಾ ಕಾಯ್ದೆಯ ನೋಂದಣಿ ಬೇಕಾ ಅಂತ ಕೆಲವರು ಹೆದರಿಸಿದರು. 500 ಚದರ ಮೀಟರ್ ಒಳಗಿನ ಜಾಗಕ್ಕೆ, ಎಂಟು ಮನೆವರೆಗಿನ ಕಟ್ಟಡಕ್ಕೆ ಅದು ಬೇಕಿಲ್ಲ. ನಮ್ಮದು 335 ಚದರ ಮೀಟರ್ ಕೂಡ ಆಗುವುದಿಲ್ಲ, ಮನೆ ಆರು. ಮೇಲಾಗಿ ನಾವು ಮಾರುತ್ತಲೂ ಇರಲಿಲ್ಲ.

ಕಾಗದದ ಓಡಾಟ ಎಲ್ಲರಿಗೂ ಗೊತ್ತಿರುವಂಥದ್ದೇ. ವಂಶವೃಕ್ಷ, ಇ.ಸಿ. (ಋಣಭಾರ ಪತ್ರ), ವಿಭಾಗ ಪತ್ರ, ಖಾತೆ ಬದಲಾವಣೆ, ನಕ್ಷೆ ಮಂಜೂರಾತಿ. ಒಂದು ಕಾಗದದಲ್ಲಿ ಅಜ್ಜನ ಹೆಸರಿನ ಮುಂದೆ ಊರಿತ್ತು, ಇನ್ನೊಂದರಲ್ಲಿ ಇರಲಿಲ್ಲ, ಮೂರನೆಯದರಲ್ಲಿ ಕಾಗುಣಿತವೇ ಬೇರೆ. ಮೂವರೂ ಒಬ್ಬರೇ ಅಂತ ಪ್ರಮಾಣ ಪತ್ರ ಮಾಡಿಸಲು ಎರಡು ತಿಂಗಳು ಹೋಯಿತು. ಇಂಥ ಆಸ್ತಿ ಇದ್ದವರು ಮನೆಯ ಹಿರಿಯರು ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಸಹಿಗೆ ಐವರ ಬದಲು ಹದಿನೇಳು ಜನ ಬೇಕಾಗುವ ದಿನ ಬೇಗ ಬಂದುಬಿಡುತ್ತದೆ.

ಸಾಲಕ್ಕೆ ಹೋದ ಬ್ಯಾಂಕಿನವರು ಕಟ್ಟಡದ ವಯಸ್ಸು ನೋಡಿ ಫೈಲ್ ವಾಪಸ್ ಕೊಟ್ಟರು. ಕೆಡವಿ ಕಟ್ಟುವುದಾದರೆ ಕೊಡುತ್ತೇವೆ ಅಂದರು. ತೊಂಬತ್ತು ವರ್ಷ ನಿಂತ ಗೋಡೆಗೆ ಬೆಲೆ ಇಲ್ಲ, ಇನ್ನೂ ಏಳದ ಗೋಡೆಗೆ ಬೆಲೆ ಇದೆ! ಅವತ್ತು ನನಗೆ ತುಂಬಾ ಬೇಜಾರಾಯಿತು. ಮನೆಯವರೇ ಹಣ ಹಾಕಿಕೊಂಡೆವು. ಅದಕ್ಕೇ ಎರಡು ವರ್ಷ ಹಿಡಿಯಿತು.

ಎಂಜಿನಿಯರ್ ಹುಡುಗ ಇದೇ ಊರಲ್ಲಿ ಓದಿದವನು. ಕೆಡವಿದರೆ ಏನಾಗುತ್ತದೆ ಅಂತ ಅವನೇ ಚಿಕ್ಕಪ್ಪನಿಗೆ ಕೂರಿಸಿ ಹೇಳಿದ. ಹೊಸದಾಗಿ ಕಟ್ಟುವಾಗ ರಸ್ತೆಗೆ, ಅಕ್ಕಪಕ್ಕಕ್ಕೆ ಜಾಗ ಬಿಡಬೇಕು, ಪಾರ್ಕಿಂಗಿಗೆ ಕೆಳಗಿನ ಅಂತಸ್ತು ಹೋಗುತ್ತದೆ. ಎರಡೂ ಪಕ್ಕದ ಮಂಡಿಗಳು ನಮ್ಮ ಗೋಡೆಗೆ ಒರಗಿ ನಿಂತಿವೆ, ನಮ್ಮದು ಕಿತ್ತರೆ ಅವರದ್ದು ನಿಲ್ಲುವ ಭರವಸೆ ಇಲ್ಲ. ಆ ಮಾತಿಗೆ ಚಿಕ್ಕಪ್ಪ ತಲೆ ಆಡಿಸಿದರು. ಪಕ್ಕದವರ ಜೊತೆ ಮೂರು ತಲೆಮಾರಿನ ನೆರೆ ಅಲ್ವಾ.

ಕೆಲಸ ಶುರುವಾಗಿದ್ದು ಮಾಳಿಗೆಯಿಂದ. ನಮ್ಮ ಕಡೆ ಮಾಳಿಗೆ ಅಂದರೆ ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಹಲಗೆ, ಆಮೇಲೆ ಮಣ್ಣು. ಮೇಲ್ಗಡೆ ನೀರು ಇಳಿಯದ ಹಾಗೆ ಕರಲು ಮಣ್ಣು. ಕತ್ತರಿಸಿದ ಜಾಗದಲ್ಲಿ ಕೂತು ನಾನು ಬಹಳ ಹೊತ್ತು ನೋಡಿದೆ. ಕೆಂಪು ಮಣ್ಣು, ಅದರ ಮೇಲೆ ಬೆಳ್ಳಗಿನ ಕರಲು, ಮತ್ತೆ ಕೆಂಪು, ಮತ್ತೆ ಕರಲು. ಒಂಬತ್ತು ಪದರ ಎಣಿಸಿದೆ. ಸೋರಿದಾಗಲೆಲ್ಲ ಯಾರೋ ಒಬ್ಬರು ಇನ್ನಷ್ಟು ಮಣ್ಣು ಹೊತ್ತು ಹಾಕಿದ್ದಾರೆ. ಮೊದಲಿಗೆ ನಾಲ್ಕೈದು ಇಂಚು ಇದ್ದಿರಬೇಕು. ನಾವು ತೆಗೆಯುವಾಗ ಒಂದಡಿ ದಾಟಿತ್ತು. ಒಂದಡಿ ದಪ್ಪದ ಮಣ್ಣು ಒಂದು ಚದರಡಿಗೆ ಹತ್ತಿರ ಹತ್ತಿರ 50 ಕಿಲೋ ತೂಗುತ್ತದೆ. ನೆನೆದರೆ ಇನ್ನೂ ಜಾಸ್ತಿ. ಹತ್ತಿಯ ಒಂದು ಬೇಲು 170 ಕಿಲೋ. ಅಂದರೆ ಮಾಳಿಗೆ ತುಂಬಾ, ಮೂರೂವರೆ ಚದರಡಿಗೊಂದರಂತೆ ಬೇಲು ಇಟ್ಟ ಹಾಗಿತ್ತು. ತೊಲೆ ಬಾಗಿದ್ದು ಅದಕ್ಕೇ. ಗೆದ್ದಲು ತಿಂದಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಸುಮ್ನೆ ಮಾತು. ಗೆದ್ದಲು ಹತ್ತಿದ್ದು ಗೋಡೆಯೊಳಗೆ ಸಿಕ್ಕಿದ್ದ ನಾಲ್ಕು ತುದಿಗಳಿಗೆ ಮಾತ್ರ, ಅಲ್ಲೂ ತೇವ ಇದ್ದ ಕಡೆ.

ಮಣ್ಣನ್ನು ಒಂದೇ ಸಲ ತೆಗೆಯಲಿಲ್ಲ. ಕೆಳಗೆ ಜಾಕಿ ಕೊಟ್ಟು, ಎರಡೂ ಕಡೆಯಿಂದ ಸಮವಾಗಿ, ಪುಟ್ಟಿ ಪುಟ್ಟಿಯಾಗಿ ಇಳಿಸಿದರು. ಹತ್ತೊಂಬತ್ತು ದಿನ. ಇಪ್ಪತ್ತನೇ ದಿನ ಎಂಜಿನಿಯರ್ ದಾರ ಕಟ್ಟಿ ಅಳೆದ. ನಡುಮನೆಯ ದೊಡ್ಡ ತೊಲೆ ಮುಕ್ಕಾಲು ಇಂಚು ಮೇಲೆದ್ದಿತ್ತು. ತೇಗ. ಅಷ್ಟು ವರ್ಷದ ಭಾರ ಇಳಿಸಿದ ಮೇಲೆ ಅದು ಮತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡಿತು. ನಾನು ಏಣಿ ಹತ್ತಿ ಅದನ್ನು ಮುಟ್ಟಿ ಬಂದೆ.

ಮಣ್ಣಿನ ಬದಲು ಇಟ್ಟಿಗೆ ಚೂರು, ಸುಣ್ಣ ಸೇರಿಸಿದ ನಾಲ್ಕು ಇಂಚಿನ ಗಾರೆ ಹಾಸಿದೆವು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಕೊಡತಿಯಿಂದ ಬಡಿಯಬೇಕು. ಹರಪನಹಳ್ಳಿ ಕಡೆಯಿಂದ ಎಂಟು ಹೆಣ್ಣುಮಕ್ಕಳು ಬಂದಿದ್ದರು. ಸಾಲಾಗಿ ಕೂತು ಮೂರು ದಿನ ಬಡಿದರು. ಬೀದಿಯ ಹಿರಿಯರು ಸದ್ದು ಕೇಳಿ ಹೊರಗೆ ಬಂದು ನಿಂತರು. ಕೊಡತಿ ಸದ್ದು ಕೇಳಿ ಎಷ್ಟು ವರ್ಷ ಆಗಿತ್ತು ಅಂದರು. ಮಧ್ಯಾಹ್ನ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

ಇನ್ನು ಗೋಡೆ. ಎರಡಡಿ ದಪ್ಪ, ಕಲ್ಲು ಮತ್ತು ಮಣ್ಣು, ಮೇಲೆ ಸುಣ್ಣದ ಗಿಲಾವು. ತೇವಕ್ಕೆ ಮೂರು ಕಾರಣ ಸಿಕ್ಕವು. ಒಂದು ಬೀದಿ. ಅಜ್ಜನ ಕಾಲದಲ್ಲಿ ಕಟ್ಟೆಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ರಸ್ತೆ ಮೇಲೆ ರಸ್ತೆ ಹಾಕಿ ಹಾಕಿ ಈಗ ಒಂದೇ ಮೆಟ್ಟಿಲು ಉಳಿದಿದೆ. ಮಳೆ ನೀರು ಗೋಡೆಯ ಬುಡಕ್ಕೇ ಬರುತ್ತದೆ. ಎರಡು, ಮಾಳಿಗೆಯ ನೀರು ಹೊರಹಾಕುವ ದೋಣಿ ಮುರಿದು ಹಿತ್ತಲ ಗೋಡೆ ಮೇಲೇ ಸುರಿಯುತ್ತಿತ್ತು. ಮೂರನೆಯದು ನಮ್ಮದೇ ಕೈಯಿಂದ ಆದದ್ದು. 1988ರಲ್ಲಿ ಅಪ್ಪ ತೇವ ನಿಲ್ಲಲಿ ಅಂತ ಗೋಡೆಯ ಕೆಳಗಿನ ನಾಲ್ಕಡಿಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಈಗಲೂ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಮಣ್ಣಿನ ಗೋಡೆ ನೆಲದಿಂದ ನೀರು ಎಳೆಯುತ್ತದೆ, ಸುಣ್ಣದ ಮೈಯಿಂದ ಆರಿಸಿಕೊಳ್ಳುತ್ತದೆ. ಸಿಮೆಂಟ್ ಬಡಿದರೆ ಆ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಸಿಮೆಂಟ್ ಮುಗಿಯುವವರೆಗೂ ಮೇಲೇರುತ್ತದೆ. ನಾಲ್ಕಡಿ ಮೇಲೆ ನನ್ನ ಎದೆಮಟ್ಟಕ್ಕೆ ತೇವ ಬಂದಿದ್ದು ಹೀಗೆ.

ಸಿಮೆಂಟ್ ಕಿತ್ತಾಗ ಒಳಗಿನ ಮಣ್ಣು ಹಿಂಡಿದರೆ ಅಂಟುವಷ್ಟು ಹಸಿ ಇತ್ತು. ಗೊಬ್ಬರ ಇಟ್ಟಿದ್ದ ಕಡೆ ಬಿಳಿ ಉಪ್ಪು ಹತ್ತಿಯ ಎಳೆ ಎಳೆಯಾಗಿ ನಿಂತಿತ್ತು. ಮೇಸ್ತ್ರಿ ಅಜ್ಜ ಬೆರಳಲ್ಲಿ ಸವರಿ ನಾಲಿಗೆಗೆ ಹಚ್ಚಿ ಉಗುಳಿದರು. "ಇದು ಹೊಲದ ಉಪ್ಪು. ಬ್ಯಾಸಗ್ಯಾಗೂ ಗಾಳ್ಯಾಗಿನ ನೀರು ಎಳೀತತಿ." ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬರೀ ಮೈಯಲ್ಲಿ ಬಿಟ್ಟೆವು. ವಾರಕ್ಕೊಮ್ಮೆ ಉಪ್ಪನ್ನು ಬ್ರಷ್ಷಿನಿಂದ ಉಜ್ಜಿ, ನೆಲಕ್ಕೆ ಬೀಳಿಸದೆ ಗೋಣಿಯಲ್ಲಿ ಹಿಡಿದು ಹೊರಗೆ ಹಾಕಿದೆವು. ಏನೂ ಕೆಲಸ ನಡೆಯದ ಆ ಮೂರು ತಿಂಗಳು ಎಲ್ಲರಿಗೂ ಕಷ್ಟ. ಫೋನ್ ಮೇಲೆ ಫೋನ್. ಆದರೆ ದಾವಣಗೆರೆಯ ಬಿಸಿಲಿನಷ್ಟು ಒಳ್ಳೆಯ ಕೂಲಿಯಾಳು ಎಲ್ಲೂ ಸಿಗುವುದಿಲ್ಲ ಅಂತ ಮೇಸ್ತ್ರಿ ಅಜ್ಜ ಹೇಳಿದ್ದು ನಿಜ. ಗೋಡೆಯ ಬುಡದುದ್ದಕ್ಕೂ ಕಾಲುವೆ ತೋಡಿ ಜಲ್ಲಿ ತುಂಬಿದೆವು. ಆಮೇಲೇ ಸುಣ್ಣದ ಗಿಲಾವು. ಸುಣ್ಣವನ್ನು ತಿಂಗಳ ಮೊದಲೇ ಗುಂಡಿಯಲ್ಲಿ ಅರಳಿಸಿ ನೀರಲ್ಲಿ ಇಟ್ಟಿದ್ದರು. ತೆಗೆದಾಗ ಬೆಣ್ಣೆಯ ಹಾಗಿತ್ತು.

ಮನೆ ಅಂದ ಮೇಲೆ ಬಚ್ಚಲು, ಅಡುಗೆಮನೆ, ಕಕ್ಕಸು ಬೇಕು. ಆರು ಮನೆಗೆ ಆರಾರು. ಗೋದಾಮನ್ನು ಮನೆ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ ಅನಿಸುತ್ತದೆ. ಎಲ್ಲಿ ಅನುಕೂಲವೋ ಅಲ್ಲಿ ಬಚ್ಚಲು ಮಾಡಿ, ಹಳೆ ಗೋಡೆ ಕೊರೆದು ಪೈಪ್ ಹಾಕುತ್ತಾರೆ. ಹತ್ತು ವರ್ಷಕ್ಕೆ ಒಂದು ಜಾಯಿಂಟ್ ಸೋರಿದರೆ ಸಾಕು, ಮಣ್ಣಿನ ಗೋಡೆ ಒಳಗಿಂದ ಕರಗುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ನಾವು ಒಂದು ನಿಯಮ ಮಾಡಿಕೊಂಡೆವು. ಹಳೆ ಗೋಡೆಯೊಳಗೆ ಒಂದು ತೊಟ್ಟು ನೀರಿನ ಪೈಪೂ ಹೋಗಬಾರದು. ತೊಟ್ಟಿಯ ಒಂದು ಮೂಲೆಯಲ್ಲಿ ಮತ್ತು ಹಿತ್ತಲಲ್ಲಿ ಎರಡು ಹೊಸ ಗೂಡು ಎಬ್ಬಿಸಿದೆವು. ಆರ್‌ಸಿಸಿ ಕಂಬ, ತಮ್ಮದೇ ಪಾಯ. ಹಳೆ ಗೋಡೆಗೂ ಅವಕ್ಕೂ ನಡುವೆ ಎರಡು ಇಂಚು ಸಂದು. ಮುಂದಿನ ಎರಡು ಮನೆಯ ಬಚ್ಚಲು, ಅಡುಗೆಮನೆ ತೊಟ್ಟಿಯ ಗೂಡಿನಲ್ಲಿ. ಹಿಂದಿನ ನಾಲ್ಕರದ್ದು ಹಿತ್ತಲ ಗೂಡಿನಲ್ಲಿ. ಪೈಪೆಲ್ಲ ಹೊರಗೆ, ಕಣ್ಣಿಗೆ ಕಾಣುವ ಹಾಗೆ. ಚೆಂದ ಕಾಣಲ್ಲ ಅಂತ ತಂಗಿ ಹೇಳಿದಳು. ಸೋರಿದರೆ ಅವತ್ತೇ ಕಾಣುತ್ತದೆ, ನನಗೆ ಅದೇ ಚೆಂದ. ನಮ್ಮೂರಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ದೊಡ್ಡ ಸಂಪು ಬೇಕೇ ಬೇಕು. ಅದನ್ನೂ ಗೋಡೆಯಿಂದ ದೂರ, ಹಿತ್ತಲ ಕೊನೆಗೆ ತೋಡಿದೆವು. ಹಳೆ ಪಾಯ ಮೂರಡಿಗಿಂತ ಆಳ ಇರಲಿಲ್ಲ. ಹತ್ತಿರ ಅಗೆದಿದ್ದರೆ ಪಾಯವೇ ಜರುಗುತ್ತಿತ್ತು.

ಬೆಳಕಿಗೆ ತೊಟ್ಟಿಯೇ ದಾರಿ. ಅಕ್ಕಪಕ್ಕ ಗೋಡೆ ಇರುವಾಗ ಕಿಟಕಿ ಎಲ್ಲಿಂದ ತರುವುದು? ಬಾಡಿಗೆಯವರು ತೊಟ್ಟಿಗೆ ತಗಡು ಹೊದಿಸಿದ್ದರು. ತಗಡು ಕಿತ್ತ ಮಧ್ಯಾಹ್ನ ನೆಲದ ಮೇಲೆ ಚೌಕ ಬಿಸಿಲು ಬಿತ್ತು. ನಾನು ಹುಡುಗಿಯಾಗಿದ್ದಾಗ ಸಂಡಿಗೆ ಒಣಗಿಸುತ್ತಿದ್ದದ್ದು ಅದೇ ಚೌಕದಲ್ಲಿ. ಕೆಳಗಿನ ಮೂರೂ ಮನೆಯ ಪಡಸಾಲೆಗಳು ತೊಟ್ಟಿಗೋ ಹಿತ್ತಲಿಗೋ ಬಾಯಿ ತೆರೆಯುವ ಹಾಗೆ ನಕ್ಷೆ ತಿದ್ದಿಸಿದೆವು. ಗೋದಾಮಿನ ಕಂಬಗಳನ್ನು ಕೆರೆದು ಪಾಲಿಶ್ ಮಾಡುವುದು ಬೇಡ ಅಂದೆ. ಅವುಗಳ ಮೇಲೆ ಹಮಾಲರು ಬೇಲು ಎಣಿಸಿ ಕಲ್ಲಿದ್ದಲಲ್ಲಿ ಎಳೆದ ಗೆರೆಗಳಿವೆ. ಐದೈದರ ಕಟ್ಟು. ಬರೀ ಎಣ್ಣೆ ಬಟ್ಟೆಯಲ್ಲಿ ಒರೆಸಿದೆವು.

ಕರೆಂಟಿಗೆ ಹಳೆ ವಾಣಿಜ್ಯ ಮೀಟರ್ ತೆಗೆಸಿ ಆರು ಮನೆ ಮೀಟರ್ ಹಾಕಿಸಿದೆವು. ಬಾಡಿಗೆಗೆ ಕೇಳಿ ಬಂದವರು ಮೊದಲು ಕೇಳಿದ್ದೇ ಗೃಹಜ್ಯೋತಿ ಸಿಗುತ್ತಾ ಅಂತ. ಮೀಟರ್ ಬೇರೆ ಬೇರೆ ಇದ್ದದ್ದರಿಂದ ಸಿಕ್ಕಿತು. ವೈರುಗಳು ಗೋಡೆ ಮೇಲೇ ಪಟ್ಟಿಯಲ್ಲಿ ಹೋಗುತ್ತವೆ.

ಎಲ್ಲವೂ ಸರಿಹೋಯಿತು ಅಂತಲ್ಲ. ಮಹಡಿ ನೆಲ ಹಲಗೆಯದು, ಮೇಲೆ ಮಗು ಓಡಿದರೆ ಕೆಳಗೆ ಕೇಳುತ್ತದೆ. ಜಂತೆ ನಡುವೆ ತೆಂಗಿನ ನಾರು ತುಂಬಿಸಿದ್ದು ಅರ್ಧ ಮಾತ್ರ ಕೆಲಸ ಮಾಡಿದೆ. ಕಾರು ನಿಲ್ಲಿಸಲು ಜಾಗ ಇಲ್ಲ, ಅದಕ್ಕೇ ಎರಡು ಮನೆಯವರು ನೋಡಿಕೊಂಡು ಹೋಗಿಬಿಟ್ಟರು. ಬಂದವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಒಂದು ಮನೆಯಲ್ಲಿ ಹೊಸದಾಗಿ ಮದುವೆಯಾದವರು, ಇನ್ನೊಂದರಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರು. ಏಪ್ರಿಲ್‌ನಲ್ಲಿ ಹೊರಗೆ ಮೈ ಸುಡುವಾಗ ಕೆಳಗಿನ ಮನೆಯಲ್ಲಿ ಫ್ಯಾನ್ ಇಲ್ಲದೆ ಮಧ್ಯಾಹ್ನ ನಿದ್ದೆ ಬರುತ್ತದೆ ಅಂತ ಮೇಷ್ಟ್ರು ಹೇಳಿದರು. ಅತ್ತೆ ಜಾತ್ರೆಗೆ ಬಂದು ಹನ್ನೊಂದು ದಿನ ಇದ್ದು ಹೋದರು.

ಪಡಸಾಲೆಯ ಒಂದು ಮೂಲೆಗೆ, ಎರಡು ಗೇಣು ಅಗಲಕ್ಕೆ, ನಾವು ಗಿಲಾವೂ ಮಾಡಲಿಲ್ಲ, ಬಣ್ಣವನ್ನೂ ಬಳಿಯಲಿಲ್ಲ. ಮೊದಲ ದಿನದ ಪೆನ್ಸಿಲ್ ಗೆರೆ ಅಲ್ಲಿದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಮೇಸ್ತ್ರಿ ಅಜ್ಜ ಒಂದು ಸಲ ಬರುತ್ತಾರೆ. ಚಹಾ ಕುಡಿಯುವ ಮೊದಲೇ ಅಂಗೈ ಇಡುತ್ತಾರೆ. 2023ರ ಗೆರೆ ಸೊಂಟದ ಮಟ್ಟಕ್ಕೆ ಬಂತು. 2024ರಲ್ಲಿ ಮಳೆ ಜಾಸ್ತಿ ಆಗಿತ್ತು, ನನಗೆ ಒಳಗೊಳಗೇ ಅಂಜಿಕೆ. ಅವರು ಬಗ್ಗಿ, ಮೊಣಕಾಲಿನ ಹತ್ತಿರ ಕೈ ಆಡಿಸಿ, ಅಲ್ಲೇ ಕೂತು ಪೆನ್ಸಿಲ್ ಕೇಳಿದರು. ಗೆರೆ ಎಳೆದು ನನ್ನ ಕಡೆ ನೋಡಿದರು. ನಾನು ಪಕ್ಕದಲ್ಲಿ ಕೂತು ತಾರೀಕು ಬರೆದೆ.